ತಿರುಗುವಾಗ ಎಣಿಸಿದ ಹೆಜ್ಜೆಗಳು

ಹಿರಿಯರ ನಡಿಗೆ ಮತ್ತು ಸಮತೋಲನದ ತೊಂದರೆಗಳಿಗೆ ಚಿಕಿತ್ಸೆ ನೀಡುವ ಫಿಸಿಯೋಥೆರಪಿಸ್ಟ್ ಆಗಿ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಬರೆಯುತ್ತಿದ್ದೇನೆ. ಎಪ್ಪತ್ತು ದಾಟಿದ ಹಿರಿಯರೊಬ್ಬರು ಎರಡು ಬಾರಿ ಬಿದ್ದ ಮೇಲೆ ಮಗಳೊಂದಿಗೆ ನನ್ನ ಬಳಿಗೆ ಬಂದರು. ಚೀಟಿಯಲ್ಲಿ ‘ಕಾಲಿನ ನಿಶ್ಶಕ್ತಿ’ ಎಂದಿತ್ತು. ನಾನು ಅದನ್ನೇ ನಂಬಿ ಎರಡು ತಿಂಗಳು ತೊಡೆ, ಸೊಂಟಗಳಿಗೆ ಬಲ ತುಂಬುವ ವ್ಯಾಯಾಮ ಮಾಡಿಸಿದೆ. ಬಲವೇನೋ ಬಂತು, ನಡಿಗೆ ಮಾತ್ರ ಇನ್ನಷ್ಟು ಕೆಟ್ಟಿತು.

ಒಂದು ದಿನ ಮಂಚದ ಮೇಲೆ ಮಲಗಿಸಿ ಸೈಕಲ್ ತುಳಿಯುವಂತೆ ಕಾಲಾಡಿಸಲು ಹೇಳಿದಾಗ ಅವರು ಸರಾಗವಾಗಿ ಆಡಿಸಿದರು. ಎದ್ದು ನಿಂತೊಡನೆ ಅದೇ ಕಾಲುಗಳು ಬೇರೆ ಯಾರದೋ ಎಂಬಂತಾದವು: ಪಾದಗಳು ಅಗಲವಾಗಿ, ಹೊರಮುಖವಾಗಿ ನಿಂತು, ನೆಲ ಬಿಡಲೊಲ್ಲದೆ, ಗೇಣುದ್ದದ ಹೆಜ್ಜೆಗಳಲ್ಲಿ ತೆವಳಿದವು. “ಅಂಗಾಲಿಗೆ ಗೋಂದು ಹಚ್ಚಿದ ಹಾಗಿದೆಯಮ್ಮಾ” ಎಂದರು. ಹಿಂದಿರುಗಿ ಬರಲು ಹೇಳಿ ಎಣಿಸಿದೆ. ಮೂರು ನಾಲ್ಕು ಹೆಜ್ಜೆಗಳಲ್ಲಿ ಮುಗಿಯಬೇಕಾದ ತಿರುವಿಗೆ ಅವರಿಗೆ 11 ಹೆಜ್ಜೆ ಬೇಕಾಯಿತು. ಆದರೆ ಕೈಗಳು ಚೆನ್ನಾಗಿಯೇ ಬೀಸುತ್ತಿದ್ದವು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ಕೈಬೀಸು ಕುಗ್ಗುತ್ತದೆ, ಪಾದಗಳ ನಡುವಿನ ಅಂತರವೂ ಇಷ್ಟು ಅಗಲವಾಗುವುದಿಲ್ಲ.

ಮೂತ್ರದ ಬಗ್ಗೆ ನಾನು ಅಂದಿನವರೆಗೂ ಕೇಳಿಯೇ ಇರಲಿಲ್ಲ. ಮಗಳು ತಗ್ಗಿದ ದನಿಯಲ್ಲಿ, ಬಚ್ಚಲು ತಲುಪುವಷ್ಟರಲ್ಲಿ ಬಟ್ಟೆ ಒದ್ದೆಯಾಗುತ್ತದೆ, ಮಾತಿಗೆ ಉತ್ತರ ಕೊಡುವುದೂ ನಿಧಾನವಾಗಿದೆ, ವಯಸ್ಸಾಯಿತಲ್ಲ ಎಂದುಕೊಂಡು ಸುಮ್ಮನಿದ್ದೆವು ಎಂದರು. ಕೂಡಲೇ ನರರೋಗ ತಜ್ಞರ ಬಳಿಗೆ ಕಳುಹಿಸಿದೆ. ಸ್ಕ್ಯಾನ್‌ನಲ್ಲಿ ಮಿದುಳಿನೊಳಗಿನ ದ್ರವದ ಕೋಣೆಗಳು ಹಿಗ್ಗಿದ್ದವು.

ನಡಿಗೆ, ಮೂತ್ರ, ಬುದ್ಧಿಶಕ್ತಿ ಮೂರೂ ಕೆಡುವ ಈ ಸ್ಥಿತಿಯನ್ನು ವೈದ್ಯರಾದ ಸಲೋಮೊನ್ ಹಕೀಮ್, ರೇಮಂಡ್ ಆಡಮ್ಸ್ ಮತ್ತು ಸಂಗಡಿಗರು 1965ರಲ್ಲಿ ವಿವರಿಸಿದರು. ದಿನಕ್ಕೆ ಸುಮಾರು ಅರ್ಧ ಲೀಟರ್ ಉತ್ಪತ್ತಿಯಾಗುವ ಮಿದುಳಿನ ದ್ರವ ಸರಿಯಾಗಿ ಹೀರಲ್ಪಡದೆ ಕೋಣೆಗಳು ಹಿಗ್ಗುತ್ತವೆ. ಆದರೂ ಬೆನ್ನಿಗೆ ಸೂಜಿ ಹಾಕಿ ಅಳೆದಾಗ ಒತ್ತಡ ಸಾಮಾನ್ಯ ಮಿತಿಯಲ್ಲೇ ಕಾಣುವುದರಿಂದ ನಾರ್ಮಲ್ ಪ್ರೆಶರ್ ಹೈಡ್ರೋಸೆಫಲಸ್ ಎಂಬ ಹೆಸರು ಬಂದಿದೆ. ಬಹುತೇಕರಲ್ಲಿ ಮೊದಲು ಕೆಡುವುದು ನಡಿಗೆ. ಚಿಕಿತ್ಸೆಯಿಂದ ಹೆಚ್ಚು ಸುಧಾರಿಸುವುದೂ ಅದೇ.

ಮುಂದಿನ ಹಂತದಲ್ಲಿ ನನ್ನ ಕೆಲಸ ಅಳತೆಯದಾಗಿತ್ತು. ಬೆನ್ನಿನಿಂದ 30ರಿಂದ 50 ಮಿ.ಲೀ. ದ್ರವ ತೆಗೆದು ನಡಿಗೆ ಸುಧಾರಿಸುತ್ತದೆಯೇ ಎಂದು ನೋಡುವ ಪರೀಕ್ಷೆಯಲ್ಲಿ, ತೆಗೆಯುವ ಮುನ್ನ ಅಳೆಯದಿದ್ದರೆ ಆಮೇಲಿನ ಯಾವ ಮಾತಿಗೂ ಆಧಾರವಿರುವುದಿಲ್ಲ. ಅದೇ ಚಪ್ಪಲಿ, ಅದೇ ಕೋಲು, ಅದೇ ಮೊಗಸಾಲೆ ಇಟ್ಟುಕೊಂಡು, ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು ಮರಳಿ ಕೂರುವ ಸಮಯವನ್ನೂ ತಿರುವಿನ ಹೆಜ್ಜೆಗಳನ್ನೂ ಬರೆದುಕೊಂಡು ವಿಡಿಯೋ ಮಾಡಿದೆ. ಕೆಲವು ಗಂಟೆಗಳ ನಂತರವೂ ಮರುದಿನವೂ ಅದನ್ನೇ ಪುನರಾವರ್ತಿಸಿದೆ. 34 ಸೆಕೆಂಡು 23ಕ್ಕೆ ಇಳಿಯಿತು, 11 ಹೆಜ್ಜೆ 6 ಆಯಿತು. ಸುಧಾರಣೆ ಕಾಣದಿದ್ದರೂ ಕಾಯಿಲೆ ಇಲ್ಲವೆಂದು ಹೇಳುವಂತಿಲ್ಲ ಎಂಬುದನ್ನು ಮನೆಯವರಿಗೆ ಮೊದಲೇ ತಿಳಿಸಿದ್ದೆ.

ಹೆಚ್ಚಿನ ದ್ರವವನ್ನು ಹೊಟ್ಟೆಗೆ ಹರಿಸುವ ಶಂಟ್ ಕೊಳವೆಯನ್ನು ಶಸ್ತ್ರಚಿಕಿತ್ಸಕರು ಅಳವಡಿಸಿದರು. ದ್ರವ ಅತಿಯಾಗಿ ಹರಿದರೆ ಎದ್ದು ಕುಳಿತಾಗ ತಲೆನೋವು ಬರಬಹುದು, ಮಿದುಳಿಗೂ ಅದರ ಹೊರಹೊದಿಕೆಗೂ ನಡುವೆ ರಕ್ತ ಸೇರಬಹುದು. ಆದ್ದರಿಂದ ಪ್ರತಿ ಭೇಟಿಯಲ್ಲೂ ತಲೆನೋವಿನ ಬಗ್ಗೆ ವಿಚಾರಿಸುತ್ತೇನೆ. ಮೂತ್ರದ ಅವಸರ ಕಡಿಮೆಯಾಗಿದೆ, ಮರೆವು ಅಷ್ಟಾಗಿ ಬದಲಾಗಿಲ್ಲ. ಎರಡು ತಿಂಗಳು ಮೊದಲೇ ಗೊತ್ತಾಗಬಹುದಿತ್ತೇ ಎಂದು ಮಗಳು ಕೇಳಿದಾಗ ಹೌದು ಎಂದೆ, ಕ್ಷಮೆಯನ್ನೂ ಕೇಳಿದೆ. ಹಿಂದಕ್ಕೆ ವಾಲುವ ಅಭ್ಯಾಸ ಅವರಿಗೆ ಇನ್ನೂ ಉಳಿದಿರುವುದರಿಂದ, ಈಗ ಬೆನ್ನ ಹಿಂದೆ ಕುರ್ಚಿಯಿಟ್ಟು ತಿರುಗುವುದನ್ನೇ ಅಭ್ಯಾಸ ಮಾಡಿಸುತ್ತಿದ್ದೇನೆ.