ಕ್ಯಾಮೆರಾಗೆ ದುಡ್ಡಿದೆ, ಅದನ್ನ ನೋಡೋರ ಸಂಬಳಕ್ಕಿಲ್ಲ

ಬಜೆಟ್ ತಯಾರಿ ಶುರುವಾದರೆ ಸಾಕು, ಪರಿಚಯದವರೆಲ್ಲ ಕೇಳುವ ಪ್ರಶ್ನೆ ಒಂದೇ. ರಸ್ತೆ ಸುರಕ್ಷತೆಗೆ ಸರ್ಕಾರದಲ್ಲಿ ದುಡ್ಡೇ ಇಲ್ವಂತೆ, ಹೌದಾ? ಇದೆ ಸ್ವಾಮಿ. ರಸ್ತೆಯ ಕ್ಯಾಮೆರಾ, ಬ್ಯಾರಿಕೇಡ್ ತರಹದ ಸಾಮಾನು ಕೊಳ್ಳೋದಕ್ಕೆ ಬೇಕಾದಷ್ಟಿದೆ. ಆ ಸಾಮಾನನ್ನ ದಿನಾ ನೋಡಿಕೊಳ್ಳುವ ಮನುಷ್ಯನಿಗೆ ಸಂಬಳ ಕೊಡೋಕೆ ಮಾತ್ರ ಯಾವ ಲೆಕ್ಕದಲ್ಲೂ ಜಾಗ ಇಲ್ಲ.

ನಾನು ಕೆಲಸ ಮಾಡುವುದು ಕರ್ನಾಟಕದ ಒಂದು ಮಧ್ಯಮ ಗಾತ್ರದ ಊರಿನ ರಸ್ತೆ ಸುರಕ್ಷತಾ ಘಟಕದಲ್ಲಿ. ಊರಿನ ಹೆಸರು ಬೇಡ. ಪಾಲಿಕೆ, ಸಂಚಾರ ಪೊಲೀಸ್, ಲೋಕೋಪಯೋಗಿ, ಆರ್‌ಟಿಒ ಇವರ ನಡುವೆ ಫೈಲ್ ಓಡಿಸೋದು, ಅನುದಾನದ ಲೆಕ್ಕ ಇಡೋದು, ದುಡ್ಡು ಹೇಗೆ ಖರ್ಚಾಯಿತು ಅನ್ನುವ ಬಳಕೆ ಪ್ರಮಾಣಪತ್ರ (ಯುಸಿ) ಕಳಿಸೋದು ನನ್ನ ಪಾಲಿಗೆ ಬಂದಿದೆ. ನಾನೂ ಗುತ್ತಿಗೆಯವನೇ, ಹನ್ನೊಂದು ತಿಂಗಳಿಗೊಮ್ಮೆ ಆದೇಶ ನವೀಕರಣ ಆಗಬೇಕು. ಅದನ್ನ ಮೊದಲೇ ಹೇಳಿಬಿಡುತ್ತೇನೆ, ಸಿಬ್ಬಂದಿ ಬೇಕು ಅಂತ ಬರೆಯುವಾಗ ಸ್ವಲ್ಪ ಸ್ವಾರ್ಥದ ವಾಸನೆ ಬಂದರೂ ಬರಬಹುದು.

ದಂಡದ ದುಡ್ಡಿನಿಂದ ಶುರು ಮಾಡೋಣ. ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದು 500 ರೂಪಾಯಿ ಕಟ್ಟಿದವರು ಆ ದುಡ್ಡಲ್ಲೇ ಸಿಗ್ನಲ್ ರಿಪೇರಿ ಆಗುತ್ತೆ ಅಂದುಕೊಂಡಿರುತ್ತಾರೆ. ಅದು ಹೋಗುವುದು ಖಜಾನೆಗೆ, ರಾಜ್ಯದ ಸಂಚಿತ ನಿಧಿಗೆ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಬೆಂಗಳೂರೊಂದರಲ್ಲೇ ಕೆಲವೇ ದಿನಗಳಲ್ಲಿ 120 ಕೋಟಿಗೂ ಜಾಸ್ತಿ ವಸೂಲಾಯಿತು, ನೆನಪಿದೆ ಅಲ್ವಾ? ಆ ತರಹದ ದುಡ್ಡು ತಿರುಗಿ ರಸ್ತೆಗೆ ಬರಬೇಕಾದರೆ ಅದಕ್ಕೊಂದು ಲೆಕ್ಕ ಶೀರ್ಷಿಕೆ ಇರಬೇಕು, ಆರ್ಥಿಕ ಇಲಾಖೆ ಒಪ್ಪಬೇಕು, ಬಿಡುಗಡೆ ಆದೇಶ ಬರಬೇಕು, ಆಮೇಲೆ ಖಜಾನೆ-2 ಅನ್ನುವ ಸರ್ಕಾರದ ಆನ್‌ಲೈನ್ ವ್ಯವಸ್ಥೆಯಲ್ಲಿ ಬಿಲ್ ಪಾಸಾಗಬೇಕು. ಮಾರ್ಚ್ 31ರೊಳಗೆ ಇಷ್ಟೂ ಆಗಲಿಲ್ಲ ಅಂದರೆ ದುಡ್ಡು ಲ್ಯಾಪ್ಸ್.

ರಸ್ತೆಯಲ್ಲಿ ಆಗುವ ಸಾವು ಕಡಿಮೆ ಆಗಲಿ ಅಂತ ಕೋರ್ಟು ನಡುವೆ ಬಂದದ್ದೂ ಉಂಟು. ಕೊಯಮತ್ತೂರಿನ ಮೂಳೆ ತಜ್ಞ ಡಾ. ಎಸ್. ರಾಜಶೇಖರನ್ 2012ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. 2014ರಲ್ಲಿ ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಸಮಿತಿ ಬಂತು. 2017ರ ನವೆಂಬರ್‌ನಲ್ಲಿ ಕೋರ್ಟು ರಾಜ್ಯಗಳಿಗೆ ಖಡಾಖಂಡಿತವಾಗಿ ಹೇಳಿತು: ರಸ್ತೆ ಸುರಕ್ಷತಾ ನಿಧಿ ಮಾಡಿ, ಜಿಲ್ಲಾ ಸಮಿತಿ ಮಾಡಿ, ಇದನ್ನೇ ನೋಡಿಕೊಳ್ಳುವ ಒಂದು ಲೀಡ್ ಏಜೆನ್ಸಿ ಮಾಡಿ. ಕರ್ನಾಟಕದ ರಸ್ತೆ ಸುರಕ್ಷತಾ ಪ್ರಾಧಿಕಾರದ ಕಾಯ್ದೆಯೂ 2017ರದ್ದೇ. ಅಂದರೆ ಕಾಗದದ ಮೇಲೆ ನಮ್ಮ ಮನೆ ಪೂರ್ತಿ ಕಟ್ಟಿ ಆಗಿದೆ. ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ಸಭೆ ನಡೆಯುತ್ತದೆ, ಟೀ ಬಿಸ್ಕತ್ತು ಬರುತ್ತದೆ, ನಡಾವಳಿ ತಯಾರಾಗುತ್ತದೆ. ಆ ನಡಾವಳಿಯಲ್ಲಿ "ಸಂಬಂಧಪಟ್ಟವರು ಕ್ರಮ ಕೈಗೊಳ್ಳುವುದು" ಅಂತ ಬರೆಯುತ್ತಾರಲ್ಲ, ಆ ಸಂಬಂಧಪಟ್ಟವರು ಯಾರು ಅಂತ ಹುಡುಕಿದರೆ ಒಳಚರಂಡಿ, ಬೀದಿದೀಪ, ಚುನಾವಣೆ ಎಲ್ಲವನ್ನೂ ನೋಡಿಕೊಳ್ಳುತ್ತಾ ಇದನ್ನೂ ಹೆಚ್ಚುವರಿ ಪ್ರಭಾರದಲ್ಲಿ ಇಟ್ಟುಕೊಂಡ ಒಬ್ಬ ಸಹಾಯಕ ಕಾರ್ಯಪಾಲಕ ಎಂಜಿನಿಯರ್ (ಎಇಇ) ಸಿಗುತ್ತಾರೆ. ಪಾಪ, ಅವರನ್ನ ಬೈದು ಏನು ಉಪಯೋಗ.

ಇನ್ನು ಅನುದಾನಗಳ ಕಥೆ. 15ನೇ ಹಣಕಾಸು ಆಯೋಗದ 2021-26ರ ಅನುದಾನವನ್ನೇ ತಗೊಳ್ಳಿ. ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಬರುತ್ತಿದ್ದುದರಲ್ಲಿ ಶೇ 60 ನೀರು, ನೈರ್ಮಲ್ಯಕ್ಕೆ ಕಟ್ಟಿಹಾಕಿದ್ದು. ಉಳಿದ ಶೇ 40 ಮುಕ್ತ, ಸ್ಥಳೀಯ ಅಗತ್ಯಕ್ಕೆ ಬಳಸಬಹುದಿತ್ತು. ಓಹೋ, ಇದರಲ್ಲಿ ಒಬ್ಬ ಟ್ರಾಫಿಕ್ ಎಂಜಿನಿಯರ್ ಇಟ್ಟುಕೊಳ್ಳೋಣ ಅಂತ ನೀವು ಉತ್ಸಾಹದಿಂದ ಟಿಪ್ಪಣಿ ಬರೆದರೆ, ಸಂಬಳಕ್ಕೂ ಕಚೇರಿ ವೆಚ್ಚಕ್ಕೂ ಬಳಸುವಂತಿಲ್ಲ ಅನ್ನುವ ಸಾಲನ್ನ ಲೆಕ್ಕಾಧಿಕಾರಿ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತೋರಿಸುತ್ತಿದ್ದರು. ಅದೇ ದುಡ್ಡಲ್ಲಿ ರಸ್ತೆ ಮಧ್ಯದ ಮೀಡಿಯನ್‌ಗೆ ಗ್ರಿಲ್ ಹಾಕಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಸಿಎಸ್‌ಆರ್, ಅಂದರೆ ಕಂಪನಿಗಳು ಸಾಮಾಜಿಕ ಹೊಣೆ ಅಂತ ಕೊಡುವ ದುಡ್ಡಿನ ಕಥೆ ಇನ್ನೂ ಮಜಾ. ರಸ್ತೆ ಸುರಕ್ಷತೆಯ ಜಾಗೃತಿಯೂ ಸಿಎಸ್‌ಆರ್ ವ್ಯಾಪ್ತಿಗೆ ಬರುತ್ತದೆ ಅಂತ ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ 2014ರಲ್ಲೇ ಸ್ಪಷ್ಟ ಮಾಡಿದೆ. ಹಾಗಾಗಿ ಕಂಪನಿಗಳು ಬರುತ್ತವೆ, ಖುಷಿಯಿಂದಲೇ ಬರುತ್ತವೆ. ಏನು ಕೊಡುತ್ತಾರೆ? ಬ್ಯಾರಿಕೇಡ್, ಪೊಲೀಸರಿಗೆ ಛತ್ರಿ, ರಿಫ್ಲೆಕ್ಟರ್ ಜಾಕೆಟ್. ಮೂರರಲ್ಲೂ ಹೆಸರು ದೊಡ್ಡದಾಗಿ ಬರೆಸಬಹುದು ನೋಡಿ. ನಮ್ಮ ಗೋಡೌನ್‌ನಲ್ಲಿರುವ ಬ್ಯಾರಿಕೇಡ್ ಇಡೀ ಜಿಲ್ಲೆಗೆ ಸಾಲುತ್ತದೆ. ಒಮ್ಮೆ ಒಂದು ಕಂಪನಿಯವರಿಗೆ ಕೇಳಿಯೇಬಿಟ್ಟೆ: ಇದರ ಬದಲು ಅಪಘಾತದ ಮಾಹಿತಿ ನೋಡಿಕೊಳ್ಳೋಕೆ ಒಬ್ಬರ ಎರಡು ವರ್ಷದ ಸಂಬಳ ಕೊಡ್ತೀರಾ? ಬಂದ ಮೇಡಂ ನಕ್ಕು, "ಅದರ ಉದ್ಘಾಟನೆ ಹೇಗೆ ಮಾಡೋದು ಸರ್?" ಅಂದರು. ಪ್ರಾಮಾಣಿಕ ಉತ್ತರ, ಬೇಜಾರಾಗಲಿಲ್ಲ.

ಆ ಮಾಹಿತಿಯವರು ಯಾಕೆ ಬೇಕು ಅಂತ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದ್ರೆ ಸಭೆಗಳಲ್ಲಿ ಮೊದಲು ಹೊಡೆದುಹಾಕುವುದು ಈ ಹುದ್ದೆಯನ್ನೇ.

ಈಗ ಅಪಘಾತ ಆದರೆ ಪೊಲೀಸರು ಕೇಂದ್ರ ಸರ್ಕಾರದ ಅಪಘಾತ ದಾಖಲೆಯ ಐರ್‍ಯಾಡ್ ಆ್ಯಪ್‌ನಲ್ಲಿ ವಿವರ ತುಂಬಬೇಕು. ಸ್ಥಳದಲ್ಲೇ ನಿಂತು ತುಂಬಿದರೆ ಜಾಗದ ಗುರುತು ಸರಿಯಾಗಿ ಬೀಳುತ್ತದೆ. ಆದರೆ ಅಲ್ಲಿ ಗಾಯಾಳುವನ್ನ ಆಂಬುಲೆನ್ಸ್‌ಗೆ ಹಾಕಬೇಕು, ವಾಹನ ಪಕ್ಕಕ್ಕೆ ಎಳೆಸಬೇಕು, ಜನರನ್ನ ಚದುರಿಸಬೇಕು. ಹೆಡ್ ಕಾನ್‌ಸ್ಟೆಬಲ್ ಠಾಣೆಗೆ ವಾಪಸ್ ಬಂದು, ನೀರು ಕುಡಿದು, ಕೂತು ತುಂಬುತ್ತಾರೆ. ಫಲಿತಾಂಶ? ನಮ್ಮ ನಕ್ಷೆಯಲ್ಲಿ ಒಂದು ಕಡೆ ಕೆಂಪು ಚುಕ್ಕೆಗಳು ಗುಂಪಾಗಿ ಬಿದ್ದಿದ್ದವು. ಊರಿನ ಅತ್ಯಂತ ಅಪಾಯಕಾರಿ ಜಾಗ ಯಾವುದಪ್ಪಾ ಅಂತ ಹಿಗ್ಗಿಸಿ ನೋಡಿದರೆ ಠಾಣೆಯ ಕಾಂಪೌಂಡು! ಜೀಪು ನಿಲ್ಲಿಸುವ ಬೇವಿನ ಮರದ ಕೆಳಗೆ. ಇದನ್ನ ಎಫ್‌ಐಆರ್ ಜೊತೆ ಇಟ್ಟು ಒಂದೊಂದೇ ಚುಕ್ಕೆಯನ್ನ ಸರಿಯಾದ ಜಾಗಕ್ಕೆ ಸರಿಸಬೇಕು. ಎಫ್‌ಐಆರ್‌ನಲ್ಲಿ ಇರುವುದೋ "ಪೆಟ್ರೋಲ್ ಬಂಕ್ ಹತ್ತಿರ" ಅಂತ, ಆ ರಸ್ತೆಯಲ್ಲಿ ನಾಲ್ಕು ಬಂಕ್.

ಇನ್ನೊಂದು ತೊಡಕು. ಅಪಘಾತ ಆದ 30 ದಿನದೊಳಗೆ ತೀರಿಕೊಂಡರೆ ಅದು ರಸ್ತೆ ಸಾವು ಅಂತಲೇ ಲೆಕ್ಕ. ಗಾಯ ಅಂತ ದಾಖಲಾದವರು ಎರಡು ವಾರ ಕಳೆದು ಬೇರೆ ಊರಿನ ಆಸ್ಪತ್ರೆಯಲ್ಲಿ ಹೋಗಿಬಿಟ್ಟರೆ ಕೇಸಿನ ಸೆಕ್ಷನ್ ಬದಲಾಗುತ್ತದೆ, ನಮ್ಮ ಪಟ್ಟಿ ಬದಲಾಗುವುದಿಲ್ಲ. ರಾಷ್ಟ್ರೀಯ ಹೆದ್ದಾರಿಯಲ್ಲಿ ಒಂದು ಜಾಗವನ್ನ ಬ್ಲ್ಯಾಕ್‌ಸ್ಪಾಟ್, ಅಂದರೆ ಪದೇ ಪದೇ ಅಪಘಾತ ಆಗುವ ಜಾಗ ಅಂತ ಗುರುತಿಸಬೇಕಾದರೆ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಕ್ಕೆ ಸಾವು ಅಥವಾ ತೀವ್ರ ಗಾಯದ ಐದು ಅಪಘಾತ, ಇಲ್ಲವೇ ಹತ್ತು ಸಾವು ಆಗಿರಬೇಕು. ಒಂದೆರಡು ಕೇಸು ತಪ್ಪು ಜಾಗದಲ್ಲಿ ಕೂತರೆ ಆ ತಿರುವು ಪಟ್ಟಿಗೇ ಬರೋದಿಲ್ಲ. ಪಟ್ಟಿಗೆ ಬಂದಿಲ್ಲ ಅಂದರೆ ಅನುದಾನ ಕೇಳೋಕೆ ಆಧಾರ ಇಲ್ಲ. ಒಬ್ಬರ ಸಂಬಳ ಉಳಿಸಿ ಕೋಟಿಗಟ್ಟಲೆ ಕಾಮಗಾರಿಯನ್ನ ತಪ್ಪು ಜಾಗದಲ್ಲಿ ಮಾಡುತ್ತೇವೆ. ನನಗೆ ತಿಳಿದಂತೆ ಇಡೀ ವ್ಯವಸ್ಥೆಯಲ್ಲಿ ಇದಕ್ಕಿಂತ ದುಬಾರಿ ಉಳಿತಾಯ ಬೇರೆ ಇಲ್ಲ.

ಜೀಬ್ರಾ ಪಟ್ಟೆಯದ್ದೂ ಇದೇ ಹಾಡು. ಥರ್ಮೋಪ್ಲಾಸ್ಟಿಕ್ ಬಣ್ಣವನ್ನ ಕಾಯಿಸಿ ಸುಮಾರು 2.5 ಮಿ.ಮೀ. ದಪ್ಪಕ್ಕೆ ಹಾಕಿ ಮೇಲೆ ಗಾಜಿನ ಸಣ್ಣ ಮಣಿ ಉದುರಿಸಬೇಕು, ರಾತ್ರಿ ಹೆಡ್‌ಲೈಟಿಗೆ ಹೊಳೆಯುವುದು ಆ ಮಣಿಗಳೇ. ಕೆಲಸ ನಡೆಯುವುದು ವಾಹನ ಕಡಿಮೆ ಇರುವ ನಡುರಾತ್ರಿ. ಬಳಿಯುವ ದಾರಿಯಲ್ಲಿ ಒಂದು ತಗಡಿನ ತುಂಡು ಇಟ್ಟು, ಅದರ ಮೇಲೆ ಬಿದ್ದ ಪದರವನ್ನ ಅಳೆದರೆ ದಪ್ಪ ಗೊತ್ತಾಗುತ್ತದೆ. ಸುಲಭದ ಕೆಲಸ. ಆದರೆ ರಾತ್ರಿ ಒಂದು ಗಂಟೆಗೆ ತಗಡು ಹಿಡಿದು ನಿಲ್ಲೋಕೆ ಒಬ್ಬ ಜೂನಿಯರ್ ಎಂಜಿನಿಯರ್ ಬೇಕಲ್ಲ. ಯಾರೂ ನಿಲ್ಲದ ರಸ್ತೆಯಲ್ಲಿ ಪಟ್ಟೆ ಎಷ್ಟು ದಪ್ಪ ಬೀಳುತ್ತೆ ಅಂತ ನಾನು ಹೇಳಬೇಕಾಗಿಲ್ಲ, ಒಂದು ಮಳೆಗಾಲ ಕಳೆದ ಮೇಲೆ ನೀವೇ ಹೋಗಿ ನೋಡಿ. ಅಷ್ಟರೊಳಗೆ ಪೈಪಿನವರು ಬಂದು ಅಗೆಯದೇ ಇದ್ದರೆ ಅದೇ ಪುಣ್ಯ.

ಪೊಲೀಸ್ ಕಡೆಯ ಸಿಬ್ಬಂದಿ ವಿಷಯ ಜಾಸ್ತಿ ಬರೆಯಲ್ಲ, ನಮ್ಮ ಕೈಲಿಲ್ಲ. ಚುನಾವಣೆ, ಗಣೇಶನ ಮೆರವಣಿಗೆ, ವಿಐಪಿ ಭೇಟಿ ಯಾವುದು ಬಂದರೂ ಬಂದೋಬಸ್ತಿಗೆ ಹುಡುಗರು ಹೋಗುತ್ತಾರೆ, ಶಾಲೆ ಮುಂದಿನ ಜಂಕ್ಷನ್ ಗೃಹರಕ್ಷಕರ ಪಾಲಾಗುತ್ತದೆ. ಗೃಹರಕ್ಷಕರಿಗೆ ದಿನಗೂಲಿ ಲೆಕ್ಕದ ಭತ್ಯೆ, ಅದೂ ತಡವಾಗಿ. ನಿಂತಿರುವುದೇ ದೊಡ್ಡದು.

ಹಾಗಂತ ಬೇರೆ ದಾರಿ ಇಲ್ಲವೇ ಇಲ್ಲ ಅಂತಲ್ಲ. ಬೆಂಗಳೂರು, ಮುಂಬೈಯಲ್ಲಿ ಬ್ಲೂಮ್‌ಬರ್ಗ್ ಫಿಲಾಂತ್ರಪೀಸ್ ಅನ್ನುವ ದಾನ ಸಂಸ್ಥೆಯ ರಸ್ತೆ ಸುರಕ್ಷತಾ ಕಾರ್ಯಕ್ರಮ ನಡೆದಾಗ ಅವರು ಇದಕ್ಕೇ ಮೀಸಲಾದ ಪೂರ್ಣಾವಧಿ ಸಿಬ್ಬಂದಿಗೆ ದುಡ್ಡು ಕೊಟ್ಟು, ನಗರದ ಸಂಸ್ಥೆಗಳ ಜೊತೆ ಕೆಲಸ ಮಾಡಲು ಬಿಟ್ಟರು. ದಾನಿಗಳಲ್ಲಿ ಈ ಬುದ್ಧಿ ಅಪರೂಪ. ತೊಂದರೆ ಏನಂದರೆ ಅನುದಾನದ ಅವಧಿ ಮುಗಿದ ಮೇಲೆ ಆ ಹುದ್ದೆಗಳನ್ನ ಯಾರು ಹೊರುತ್ತಾರೆ ಅನ್ನುವುದನ್ನ ಮೊದಲ ದಿನವೇ ಬರೆದು ಸಹಿ ಹಾಕಿಸಬೇಕು. ಆಮೇಲೆ ಕೇಳಿದರೆ ಯಾವ ಊರಿನಲ್ಲೂ ಉತ್ತರ ಸಿಗಲ್ಲ. ನಮ್ಮಂಥ ಸಣ್ಣ ಊರಿಗೆ ಅವರು ಬರುವುದೂ ಇಲ್ಲ, ಅದು ಬೇರೆ ಮಾತು.

ನಾವು ಮಾಡಿಕೊಂಡ ಉಪಾಯ ಟೆಂಡರ್‌ನಲ್ಲಿದೆ. ಪಟ್ಟೆ, ಫಲಕ, ಮಿನುಗುದೀಪ ಎಲ್ಲವನ್ನೂ ಮೂರು ವರ್ಷದ ನಿರ್ವಹಣೆ ಸೇರಿಸಿಯೇ ಕರೆಯುತ್ತೇವೆ. ಹಾಕಿದ ದಿನ ಪೂರ್ತಿ ಬಿಲ್ ಕೊಡದೆ ಒಂದು ಪಾಲು ಹಿಡಿದಿಟ್ಟು, ವರ್ಷಕ್ಕೆರಡು ಸಲ ರಾತ್ರಿ ತಪಾಸಣೆಯಲ್ಲಿ ಪಾಸಾದರೆ ಕಂತು ಬಿಡುಗಡೆ. ಆ ತಪಾಸಣೆಯ ಫೀಸನ್ನೂ ಅಂದಾಜಿನಲ್ಲೇ ಮೂರನೇ ವ್ಯಕ್ತಿಯ ಪರಿಶೀಲನೆ ಅಂತ ಸೇರಿಸಿದ್ದೇವೆ, ಅದು ಸಂಬಳ ಅಲ್ಲವಲ್ಲ, ಆಡಿಟ್‌ನವರು ಸುಮ್ನಿದ್ದಾರೆ. ಗುತ್ತಿಗೆದಾರರು ಗೊಣಗಿ ದರ ಸ್ವಲ್ಪ ಏರಿಸಿದರು. ಏರಿಸಲಿ, ಪ್ರತಿ ವರ್ಷ ಹೊಸ ಟೆಂಡರ್ ಕರೆಯುವ ಖರ್ಚಿಗಿಂತ ಅದೇ ಕಡಿಮೆ.

ಇದರಿಂದ ಬಣ್ಣ ಉಳಿಯುತ್ತದೆ, ನಕ್ಷೆ ಸರಿಹೋಗುವುದಿಲ್ಲ. ಅದಕ್ಕೇ ಈ ಸಲದ ಬೇಡಿಕೆ ಪಟ್ಟಿಯ ಮೊದಲ ಸಾಲಿನಲ್ಲಿ ಮೂರು ಹುದ್ದೆ ಹಾಕಿದ್ದೇನೆ: ಒಬ್ಬ ಟ್ರಾಫಿಕ್ ಎಂಜಿನಿಯರ್, ಒಬ್ಬ ಮಾಹಿತಿ ವಿಶ್ಲೇಷಕ, ಒಬ್ಬ ಸ್ಥಳ ಪರಿಶೀಲಕ. ಕ್ಯಾಮೆರಾವನ್ನ ಆರನೇ ಸಾಲಿಗೆ ಇಳಿಸಿದ್ದೇನೆ. ಲೆಕ್ಕಾಧಿಕಾರಿ ಕನ್ನಡಕ ಏರಿಸಿಕೊಂಡು, "ಕ್ಯಾಮೆರಾ ಮೇಲೆ ಹಾಕಪ್ಪ, ಇಲ್ಲಾಂದ್ರೆ ಪೂರ್ತಿ ಫೈಲೇ ವಾಪಸ್ ಬರುತ್ತೆ" ಅಂದರು. ಅವರ ಅನುಭವ ದೊಡ್ಡದು, ಮಾತು ನಿಜವೂ ಇರಬಹುದು. ಎರಡೇ ಹುದ್ದೆ ಅಂತ ಮೇಲಿನವರು ಹಟ ಹಿಡಿದರೆ ಸ್ಥಳ ಪರಿಶೀಲಕರ ಕೆಲಸವನ್ನ ಟೆಂಡರ್‌ನ ತಪಾಸಣೆಯಲ್ಲಿ ಹೇಗೋ ತೂರಿಸಬಹುದು. ಮಾಹಿತಿಯವರನ್ನ ಮಾತ್ರ ಬಿಟ್ಟುಕೊಡುವಂತಿಲ್ಲ ಅಂತ ಟಿಪ್ಪಣಿಯಲ್ಲೇ ಬರೆದಿದ್ದೇನೆ, ಜೊತೆಗೆ ಆ ಠಾಣೆ ಕಾಂಪೌಂಡಿನ ನಕ್ಷೆಯನ್ನ ಬಣ್ಣದ ಪ್ರಿಂಟ್ ತೆಗೆದು ಲಗತ್ತಿಸಿದ್ದೇನೆ.