ಪ್ಯಾಲಿಯೊ 1.6 ಎಬ್ಬಸಾಕತ್ತೇನಿ: ಮೇ ಇಂದ ಇಲ್ಲೀತನಕ ಆಗಿದ್ದು

ಮೇ, ಕಡೀ ವಾರ

ಕಡೀಕೂ ತಂದೇನಿ ನೋಡ್ರಿ. 2002ರ ಫಿಯಟ್ ಪ್ಯಾಲಿಯೊ, 1.6 ಜಿಟಿಎಕ್ಸ್, ಕೆಎ-25 ಪಾಸಿಂಗ್, 1,38,000 ಕಿಮೀ ಓಡೇತಿ. ಧಾರವಾಡ ಸಪ್ತಾಪುರದಾಗ ಒಬ್ರು ರಿಟೈರ್ಡ್ ಮಾಸ್ತರ್ರ ಕಂಪೌಂಡ್‌ನ್ಯಾಗ ಮಾವಿನ ಗಿಡದ ಬುಡಕ ನಾಲ್ಕು ವರ್ಷ ನಿಂತಿತ್ತು, ಬಾನೆಟ್ ಮ್ಯಾಲ ಮಾವಿನ ಅಂಟು, ಒಳಗ ಇಲಿ ಗೂಡು, ನಾಲ್ಕೂ ಟಾಯರ್ ನೆಲಕ್ಕ ಹತ್ತಿದ್ವು. 55 ಸಾವಿರಕ್ಕ ಮಾತಾತು. ಮಾಸ್ತರ್ರು ಚಾ ಕುಡಿಸಿ, ಲೈನ್ ಬಜಾರ್ ಪೇಡೆ ಒಂದು ಪುಡಿಕಿ ಕೊಟ್ಟು, "ಗುಜರಿಗೆ ಮಾತ್ರ ಹಾಕಬ್ಯಾಡಪಾ" ಅಂದ್ರು. ಅಷ್ಟ.

ಹಗ್ಗ ಕಟ್ಟಿ ಹುಬ್ಬಳ್ಳಿ ನವನಗರ ಮಟ ಎಳಕೊಂಡು ಬಂದ್ವಿ. ಅವ್ವ ಬಾಗಲದಾಗ ನಿಂತು ನೋಡಿ, "ನಿಮ್ಮಪ್ಪ ಮಾರಿದ್ದ ಎತ್ತುಗಳಾದ್ರೂ ಇದಕ್ಕಿಂತ ಛಲೋ ಇದ್ವು" ಅಂದ್ಳು.

ಯಾಕ ಇದ ಗಾಡಿ ಅಂದ್ರ ಅದಕ್ಕೊಂದು ಹಳೇ ಹುಚ್ಚು ಐತಿ. 2001ರಾಗ ಪ್ಯಾಲಿಯೊ ಬಂದಾಗ ನಾ ಹೈಸ್ಕೂಲ್, ತೆಂಡೂಲ್ಕರ್ ಜಾಹೀರಾತಿನ್ಯಾಗ ಬರ್ತಿದ್ದ, ನಮ್ಮ ಮನ್ಯಾಗ ಮಾರುತಿ 800 ಇತ್ತು, 37 ಬಿಎಚ್‌ಪಿ. ಈ ಗಾಡಿಗೆ 100. 1596 ಸಿಸಿ, 16 ವಾಲ್ವ್, ವಾಲ್ವ್ ತೆರೆಯೋ ಕ್ಯಾಮ್ ದಂಡ ಎರಡು, ಅದೂ ಸಣ್ಣ ಹ್ಯಾಚ್‌ಬ್ಯಾಕ್ ಒಳಗ. ಆ ಟೈಮಿನ್ಯಾಗ ಸಣ್ಣ ಗಾಡಿಗೆ ಅಷ್ಟು ದೊಡ್ಡ ಇಂಜಿನ್ ಹಾಕೋದು ಅಂದ್ರ ಮದುವಿ ಮನಿ ಹುಡುಗಗ ಪೈಲ್ವಾನನ ಊಟಾ ಬಡಿಸಿದಂಗ. ಈ ಹುಚ್ಚು ಶುರು ಆಗಿದ್ದು ಯುರೋಪಿನ್ಯಾಗ, 1976ರ ಗಾಲ್ಫ್ ಜಿಟಿಐ, 1.6 ಲೀಟರ್, 110 ಎಚ್‌ಪಿ, ಆಮ್ಯಾಲ 1984ರಾಗ ಪಿಜೋ 205 ಜಿಟಿಐ. ನಮಗ ಅವ್ಯಾವೂ ಸಿಗಲಿಲ್ಲ, ಪ್ಯಾಲಿಯೊ ಸಿಕ್ತು.

ಮೊದಲ್ನೇ ದಿನ ಮಾಡಿದ್ದು ಒಂದ ಕೆಲಸ. ನಾಲ್ಕೂ ಪ್ಲಗ್ ಬಿಚ್ಚಿ, ಒಂದೊಂದು ಬೋರಿಗೆ (ಪಿಸ್ಟನ್ ಓಡಾಡೋ ಸಿಲಿಂಡರ್ ತೂತು) ಎರಡೆರಡು ಚಮಚ ಇಂಜಿನ್ ಆಯಿಲ್ ಬಿಟ್ಟು, ಎರಡು ರಾತ್ರಿ ಹಂಗ ಬಿಟ್ಟೆ. ಬ್ಯಾಟರಿ ಹಚ್ಚಿ ಸೆಲ್ಫ್ ಹೊಡೀಬೇಕಂತ ಕೈ ಭಾಳ ತುರಿಸ್ತು, ಖರೇನ. ಆದ್ರ ನಿಂತ ಗಾಡ್ಯಾಗ ಪಿಸ್ಟನ್ ರಿಂಗ್ ತುಕ್ಕು ಹಿಡದು ಬೋರಿಗೆ ಅಂಟಿದ್ರ, ಹಂಗ ಸೆಲ್ಫ್ ಹೊಡದ್ರ ಬೋರ್ ಒಂದ ಸಲಕ್ಕ ಕೆರದು ಹೋಗ್ತೈತಿ. ಮೂರನೇ ದಿನ ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಪಾನಾ ಹಾಕಿ ಕೈಲೆ ಒತ್ತಿದೆ, ತಿರುಗ್ತು. ಬೆಣ್ಣಿಯಂಗ ಅನ್ನಂಗಿಲ್ಲ, ಆದ್ರ ತಿರುಗ್ತು.

ಜೂನ್, ಮಳಿ ಶುರು

ಮಿಸ್ತ್ರಿ ಕಾಕಾ ಬಂದ್ರು. ಗೋಕುಲ ರೋಡ್ ಕಡೆ ಅವರದೊಂದು ಸಣ್ಣ ಗ್ಯಾರೇಜ್, ಫಿಯಟ್ ಪದ್ಮಿನಿ ಕಾಲದಿಂದ ಕೈಗೆ ಗ್ರೀಸ್ ಹತ್ತಿಸಿಕೊಂಡವ್ರು. ಸಿಲಿಂಡರ್ ಗಾಳಿ ಎಷ್ಟು ಒತ್ತಿ ಹಿಡೀತೈತಿ ಅಂತ ಅಳಿಯೋ ಕಂಪ್ರೆಶನ್ ಗೇಜ್ ಹಾಕಿ ನೋಡಿದ್ವಿ: 165, 170, 160, 165 ಪಿಎಸ್ಐ. ಮೂರನೇದು ಸ್ವಲ್ಪ ಕಮ್ಮಿ ಅನ್ನಿಸಿ ಅದಕ್ಕ ಒಂಚೂರು ಆಯಿಲ್ ಹಾಕಿ ಮತ್ತ ನೋಡಿದ್ರ 175ಕ್ಕ ಏರ್ತು. ಆಯಿಲ್ ಹಾಕಿದಾಗ ಏರಿದ್ರ ರಿಂಗ್ ಸವದಾವು ಅಂತ, ಏರಲಿಲ್ಲಂದ್ರ ವಾಲ್ವ್ ಕಡೆ ಲೀಕ್ ಅಂತ, ಇದು ಕಾಕಾರ ಲೆಕ್ಕ. 22 ವರ್ಷದ ಇಂಜಿನ್‌ಗೆ ನಾಲ್ಕೂ ಇಷ್ಟು ಸರೀ ಸಮ ಬಂದಾವಂದ್ರ ಬೋರ್ ಮುಟ್ಟಬಾರ್ದು, ಬಿಚ್ಚಬಾರ್ದು ಅಂದ್ರು. ನಾ ಯೂಟ್ಯೂಬ್ ನೋಡಿ ಫುಲ್ ರೀಬಿಲ್ಡ್ ಮಾಡ್ತೇನಿ ಅಂತ ಕನಸು ಕಟ್ಟಿದ್ದೆ, ಕಾಕಾ ಒಂದ ಮಾತಿಗೆ ಮುಗಿಸಿದ್ರು: "ಆರಾಮ ಇದ್ದಂವನ ಹೊಟ್ಟಿ ಯಾಕ ಕೊಯ್ಯಸ್ತಿ ತಮ್ಮಾ?"

ಇಲ್ಲಿ ಒಂದು ಮಾತು ಹೇಳ್ಬೇಕು. ಇಂಥಾ ಹಳೇ ಇಂಜಿನ್ ಬಾಳಿಕಿ ಬರೋದು ಜಾದೂ ಅಲ್ಲ. ಬ್ಲಾಕ್ ಬೀಡು ಕಬ್ಬಿಣ. ಟರ್ಬೊ ಇಲ್ಲ. ಬೋರ್ 80.5 ಮಿಮೀ, ಸ್ಟ್ರೋಕ್ 78.4, ಲೀಟರಿಗೆ ಲೆಕ್ಕ ಹಾಕಿದ್ರ 62-63 ಬಿಎಚ್‌ಪಿ ಅಷ್ಟ ದುಡಿಸ್ಯಾರ. ಈಗಿನ ಮೂರು ಸಿಲಿಂಡರ್ ಒಂದು ಲೀಟರ್ ಟರ್ಬೊದಾಗ 118 ತಗೀತಾರ, ಅವು ಕೆಟ್ಟ ಇಂಜಿನ್ ಅಂತ ನಾ ಅನ್ನಂಗಿಲ್ಲ, ಆದ್ರ ಅದಕ್ಕ ಆಯಿಲ್ ಒಂದು ಸಲ ತಡಾ ಮಾಡಿದ್ರ ಟರ್ಬೊ ಬೇರಿಂಗ್ ನೆನಪಿಟ್ಕೋತೈತಿ. ಇನ್ನೊಂದು, ಇದರಾಗ ಪೆಟ್ರೋಲ್ ಮ್ಯಾನಿಫೋಲ್ಡಿನ್ಯಾಗ, ಅಂದ್ರ ಗಾಳಿ ಒಳಗ ಹೋಗೋ ಕೊಳವಿಯೊಳಗ, ಸಿಡಿತೈತಿ, ವಾಲ್ವ್ ಹಿಂಬದಿ ಪೆಟ್ರೋಲ್‌ಲೆ ತೊಳಕೋತಾನ ಇರ್ತೈತಿ. ಡೈರೆಕ್ಟ್ ಇಂಜೆಕ್ಷನ್‌ನ್ಯಾಗ ಸೀದಾ ಸಿಲಿಂಡರ್ ಒಳಗ ಸಿಡಿಯೋದ್ರಿಂದ ಆ ತೊಳೆಯೋದು ಇಲ್ಲ, ಕಾರ್ಬನ್ ಕೂಡ್ತೈತಿ. ಇಂಟೇಕ್ ಬಿಚ್ಚಿ ಟಾರ್ಚ್ ಬಿಟ್ಟು ನೋಡ್ದೆ, ವಾಲ್ವ್ ನನ್ನ ಚಾ ಕಪ್ಪಿಗಿಂತ ಸ್ವಚ್ಛ ಇದ್ವು.

ಖರೆ ಸುದ್ದಿ ಕೂಲಂಟ್ ಕಡೆ ಇತ್ತು. ರೇಡಿಯೇಟರ್ ಮುಚ್ಚಳ ತಗದ್ರ ಚಾದಂಗ ಕಂದು ನೀರು. ಯಾರೋ ಯಾವಾಗೋ ಕೂಲಂಟ್ ಬಿಟ್ಟು ಬೋರ್‌ವೆಲ್ ನೀರು ಹಾಕ್ಯಾರ, ನಮ್ಮ ಕಡೆ ಬೋರ್ ನೀರಿನ ಸವಳು ಗೊತ್ತಲ್ರಿ, ಗೀಸರ್ ರಾಡ್ ಮ್ಯಾಲ ಬಿಳೇ ಪದರ ಕಟ್ಟತೈತಿ, ಇಲ್ಲಿ ಇಂಜಿನ್ ಒಳಗ ಕಟ್ಟೇತಿ. ಬರೇ ನೀರು ಅಂದ್ರ ಕಬ್ಬಿಣದ ಬ್ಲಾಕಿಗೆ ತುಕ್ಕು, ಅಲ್ಯೂಮಿನಿಯಂ ಹೆಡ್ಡಿಗೆ ಬೇರೆ ರೋಗ, ಎರಡು ಲೋಹ ಒಂದ ನೀರಿನ್ಯಾಗ ಕೂತ್ರ ಜಗಳ ತಪ್ಪಂಗಿಲ್ಲ. ಆರು ಸಲ ತೊಳದೇನಿ, ಆರನೇ ಸಲಕ್ಕ ತಿಳಿ ನೀರು ಬಂತು. ಥರ್ಮೋಸ್ಟ್ಯಾಟ್ ಬಾಯಿ ತೆರಕೊಂಡ ಸತ್ತಿತ್ತು. ಹೋಸ್ ಒಂದನ್ನ ಬೆರಳಿಲೆ ಒತ್ತಿದ್ರ ಹಪ್ಪಳದಂಗ ಚಟ್ ಅಂತು.

ಇದು ಯಾರ ತಪ್ಪೂ ಅಲ್ಲ, 22 ವರ್ಷದ ರಬ್ಬರ್ ಮತ್ತೇನ್ ಮಾಡೀತು. ಕಬ್ಬಿಣ ಹಂಗ ಐತಿ, ಅದರ ಸುತ್ತ ಇದ್ದ ರಬ್ಬರು ಪ್ಲಾಸ್ಟಿಕ್ಕು ಎಲ್ಲಾ ಒಂದೊಂದಾಗಿ ಜೀವಾ ಬಿಟ್ಟಾವು.

ಜುಲೈ, ಆಗಸ್ಟ್: ಸ್ಪೇರ್ ಹುಡುಕಾಟ

ಈ ಎರಡು ತಿಂಗಳು ಪಾನಾ ಹಿಡದಿದ್ದು ಕಮ್ಮಿ, ಫೋನ್ ಹಿಡದಿದ್ದ ಹೆಚ್ಚು. ನಮ್ಮ ಭಾವನ ಹತ್ರ 2006ರ ಸ್ವಿಫ್ಟ್ 1.3 ಐತಿ, ಅದೂ ಕುಣಿಯೋ ಗಾಡಿನ, 1298 ಸಿಸಿ, 87 ಬಿಎಚ್‌ಪಿ, ಎರಡೂವರಿ ಲಕ್ಷ ಕಿಮೀ ಮುಟ್ಟೇತಿ, ಇಂಜಿನ್ ಬಿಚ್ಚಿಲ್ಲ. ಅಂವಗ ವಾಟರ್ ಪಂಪ್ ಬೇಕಾದ್ರ ಸಂಜಿಗೆ ಅಂಗಡಿಗೆ ಹೋಗಿ ಗಿರ್ಮಿಟ್ ತಿಂದು ಬರೋದ್ರಾಗ ಸಿಗ್ತೈತಿ, ಯಾಕಂದ್ರ ಅದ ಜಿ13 ಮನೆತನದ ಇಂಜಿನ್ ಎಸ್ಟೀಮ್‌ನ್ಯಾಗ ಐತಿ, ಜಿಪ್ಸಿ ಕಿಂಗ್‌ನ್ಯಾಗ ಐತಿ, ಊರ ತುಂಬ ಬಳಗ. ನಂದು ಒಂಟಿ. ಫಿಯಟ್ ಹೆಸರಿನ ಕಾರ್ ಮಾರಾಟ ದೇಶದಾಗ 2019ಕ್ಕ ಮುಗೀತು. ಭಾವ ಪ್ರತೀ ಸಲ ಬಂದಾಗ ಗಾಡಿ ನೋಡಿ "ಏನ್ ಅಳಿಯಾ, ಇಟಲಿಯಿಂದ ನಟ್ಟು ಬಂತೇನು?" ಅಂತ ಕೇಳಿ ನಗ್ತಾನ.

ಇಂಥಾ ಗಾಡಿ ಯಾಕ ಬರೋದ ನಿಂತ್ವು ಅಂದ್ರ ಇಂಜಿನ್ ಕೆಟ್ಟಿದ್ದಕ್ಕಲ್ಲ. 2006ರ ಬಜೆಟ್‌ನ್ಯಾಗ ಸಣ್ಣ ಕಾರಿಗೆ ಎಕ್ಸೈಸ್ 24ರಿಂದ 16 ಪರ್ಸೆಂಟಿಗೆ ಇಳಿಸಿದ್ರು, ಷರತ್ತು ಏನಂದ್ರ ಉದ್ದ 4 ಮೀಟರ್ ಒಳಗ, ಪೆಟ್ರೋಲ್ ಇಂಜಿನ್ 1200 ಸಿಸಿ ಒಳಗ. ಅಲ್ಲಿಗೆ ಸಣ್ಣ ಗಾಡ್ಯಾಗ 1.6 ಹಾಕೋ ಲೆಕ್ಕಾಚಾರ ಭಾಳ ಮಂದಿಗೆ ಕೂಡಲಿಲ್ಲ. 2010ರಾಗ ಸ್ವಿಫ್ಟಿನ 1.3 ಹೋಗಿ 1.2 ಬಂತು. ಟ್ಯಾಕ್ಸ್ ಕಾಗದದಾಗ ಸತ್ತ ಇಂಜಿನ್ ಇವು, ರೋಡಿನ್ಯಾಗ ಅಲ್ಲ.

ಟೈಮಿಂಗ್ ಬೆಲ್ಟ್ (ಕ್ರ್ಯಾಂಕು ಕ್ಯಾಮು ತಾಳ ತಪ್ಪದಂಗ ಕೂಡಿ ತಿರುಗಿಸೋ ಪಟ್ಟಿ), ಅದನ್ನ ಬಿಗಿ ಹಿಡಿಯೋ ಟೆನ್ಷನರ್, ವಾಟರ್ ಪಂಪ್ ಪುಣೆಯಿಂದ ರಾತ್ರಿ ಬಸ್ಸಿಗೆ ಬಂದ್ವು. ವಾಲ್ವ್ ಕವರ್ ಗ್ಯಾಸ್ಕೆಟ್ ಕೊಯಮತ್ತೂರಿಂದ. ಹೋಸ್ ಮಾತ್ರ ಎಲ್ಲೂ ಸಿಗಲಿಲ್ಲ, ಹಳೇ ತುಂಡು ಜೇಬಿನ್ಯಾಗ ಇಟಗೊಂಡು ನಾಲ್ಕು ಅಂಗಡಿ ಅಡ್ಡಾಡಿ, ಬೇರೆ ಗಾಡೀದ ಹೋಸ್ ಬಾಗು ಹೊಂದಿಸಿ ತುದಿ ಕತ್ತರಿಸಿ ಹಾಕಿದ್ವಿ.

ಸೆಪ್ಟೆಂಬರ್, ಗಣಪತಿ ಮುಂದಿನ ರವಿವಾರ: ಎದಿ ಒಡದಿದ್ದು

ಇದನ್ನ ಬರೀಲಿಕ್ಕ ನಾಚಿಕಿ ಬರ್ತೈತಿ ಆದ್ರೂ ಬರೀತೇನಿ, ಮತ್ತೊಬ್ಬ ಉಳೀಲಿ.

ಕಾಕಾ ಊರಿಗೆ ಹೋಗಿದ್ರು. ನಾ ಟೈಮಿಂಗ್ ಬೆಲ್ಟ್ ನಾನ ಹಾಕ್ತೇನಿ ಅಂತ ಕೂತೆ. ಕ್ಯಾಮ್ ಲಾಕ್ ಮಾಡೋ ಟೂಲ್ ಇಲ್ಲ, ಹಳೇ ಬೆಲ್ಟ್ ಬಿಚ್ಚೋಕಿಂತ ಮೊದ್ಲ ಪುಲ್ಲಿಗೆ ಬಿಳೇ ಪೇಂಟ್ ಮಾರ್ಕ್ ಮಾಡಿದ್ದೆ, ಸಾಕು ಅನ್ನಿಸ್ತು. ಬೆಲ್ಟ್ ಹಾಕಿದೆ, ಟೆನ್ಷನ್ ಕೊಟ್ಟೆ, ಮಾರ್ಕ್ ನೋಡಿದೆ, ಕೂಡಿದಂಗ ಕಾಣ್ತು. ಬ್ಯಾಟರಿ ಹಚ್ಚಾಕ ಕೈ ಹೋಗಿತ್ತು. ಅಷ್ಟರಾಗ ಕಾಕಾ ಹೇಳಿದ್ದು ನೆನಪಾತು: "ಬೆಲ್ಟ್ ಹಾಕಿದ ಮ್ಯಾಲ ಎರಡು ಸುತ್ತು ಕೈಲೆ ತಿರುಗಸು, ಸೆಲ್ಫಿಗೆ ಕಣ್ಣಿಲ್ಲ, ಕೈಗೆ ಐತಿ." ಪಾನಾ ಹಾಕಿ ತಿರುಗಿಸಿದೆ. ಒಂದು ಸುತ್ತು ಆತು. ಎರಡನೇ ಸುತ್ತು ಶುರುವಾಗಿ ಕಾಲು ಭಾಗಕ್ಕ ಟಕ್ ಅಂತ ನಿಂತು. ಕಂಪ್ರೆಶನ್ ಬಿಗಿ ಬೇರೆ, ಅದು ಸ್ಪ್ರಿಂಗ್‌ನಂಗ ಇರ್ತೈತಿ. ಇದು ಗ್ವಾಡಿಗೆ ಹಾದಂಗ. ಪಿಸ್ಟನ್ ವಾಲ್ವಿಗೆ ಮುಟ್ಟೇತಿ.

ಕೈ ತೆಗದು ಹತ್ತು ನಿಮಿಷ ಕಟ್ಟಿ ಮ್ಯಾಲ ಕೂತೆ. ಸೆಲ್ಫ್ ಹೊಡದಿದ್ರ ಅಲ್ಲಿಗೆ ವಾಲ್ವ್ ಬಾಗಿ, ಹೆಡ್ ಬಿಚ್ಚಿ, ಲೇತ್ ಅಂಗಡಿ, ಬಿಲ್ಲು, ಗಾಡಿಗೆ ಕೊಟ್ಟ ರೊಕ್ಕಾನ ಮತ್ತೊಮ್ಮೆ ಕೊಡೋದು. ಹಿಂದಕ್ಕ ತಿರುಗಿಸಿ, ಬೆಲ್ಟ್ ಸಡಲಿಸಿ ನೋಡಿದ್ರ ಕ್ಯಾಮ್ ಕಡೆ ಮಾರ್ಕ್ ಮಾಡಿದ ಪೇಂಟೇ ಎರಡು ಹಲ್ಲಿನಷ್ಟು ದಪ್ಪ, ಟೆನ್ಷನ್ ಕೊಡುವಾಗ ಕ್ಯಾಮ್ ಜಗ್ಗಿಕೊಂಡು ಸರದೈತಿ, ನಾ ಪೇಂಟಿನ ಅಂಚು ನೋಡಿ ಖುಷಿ ಆಗೇನಿ. ಎಲ್ಲಾ ಹಂಗ ಬಿಟ್ಟು ಬಾನೆಟ್ ಹಾಕಿ ಗಣಪತಿ ಮಾಡಿದ್ವಿ. ಕಾಕಾ ಬಂದ ಮ್ಯಾಲ ಬೆಳಗಾವಿಯ ಒಬ್ರ ಕಡೆಯಿಂದ ಲಾಕಿಂಗ್ ಟೂಲ್ ಎರಡು ದಿನಕ್ಕ ಕೇಳಿ ತಂದು, ಮತ್ತ ಕೂಡಿಸಿ, ಎರಡಲ್ಲ, ನಾಲ್ಕು ಸುತ್ತು ಕೈಲೆ ತಿರುಗಿಸಿದ್ವಿ. ಕಂಪ್ರೆಶನ್ ಮತ್ತ ನೋಡಿದ್ರ ಅದ 160ರಿಂದ 170ರ ಒಳಗ. ವಾಲ್ವ್ ಉಳದಾವು. ಕಾಕಾ ಬೈಲಿಲ್ಲ, ಅದ ಭಾಳ ಚುಚ್ಚಿತು.

ಅಕ್ಟೋಬರ್: ಉಸಿರಾಡ್ತು

ಟಾಕಿಯೊಳಗಿನ ಪೆಟ್ರೋಲ್ ವಾರ್ನಿಶ್ ನಾರಿಕಿ ಬರ್ತಿತ್ತು, ಪೂರಾ ಖಾಲಿ ಮಾಡಿದ್ವಿ. ಇಂಜೆಕ್ಟರ್ ಕ್ಲೀನ್ ಮಾಡಿಸಿ ಹಾಕಿ, ಹೊಸ ಪೆಟ್ರೋಲ್ ಐದು ಲೀಟರ್ ಬಿಟ್ಟು ಮೂರನೇ ಸೆಲ್ಫಿಗೆ ಚಾಲೂ ಆತು. ಮೊದಲ್ನೇ ಹತ್ತು ಸೆಕೆಂಡ್ ಟ್ಯಾಪೆಟ್ ಟಕಟಕ, ಆಮ್ಯಾಲ ಆಯಿಲ್ ಏರಿ ಸುಮ್ಮಾತು. ಅವ್ವ ಅಡಗಿ ಮನ್ಯಾಗಿಂದ "ಹೊಗಿ!" ಅಂತ ಒದರಿದ್ಳು. ಬೋರಿಗೆ ಬಿಟ್ಟಿದ್ದ ಆಯಿಲ್ ಸುಟ್ಟಿದ್ದು, ಐದು ನಿಮಿಷಕ್ಕ ಹೋತು.

ವಾರದ ಮ್ಯಾಲ ಪೆಟ್ರೋಲ್ ವಾಸನಿ. ಫ್ಯೂಯಲ್ ಹೋಸ್ ಜಾಯಿಂಟಿನ್ಯಾಗ ಬೆವತಂಗ ಹನಿ. ಈಗ ಬಂಕಿನ್ಯಾಗ ಸಿಗೋದು ಇ20, ಶೇ 20 ಎಥನಾಲ್, ಈ ಹಳೇ ರಬ್ಬರ್ ಅದನ್ನ ಲೆಕ್ಕಕ್ಕ ಇಟ್ಕೊಂಡು ಮಾಡಿದ್ದಲ್ಲ, ಉಬ್ಬಿ ಮೆತ್ತಗಾಗ್ತೈತಿ. ಎಥನಾಲ್‌ಗೆ ತಡಕೊಳ್ಳೋ ಹೋಸ್ ತಂದು ಪೂರಾ ಬದಲಿ ಮಾಡಿದ್ವಿ, ಕ್ಲಿಪ್ಪೂ ಹೊಸಾವು. ಹಳೇ ಇಂಜಿನ್ ಇಟ್ಟವ್ರು ಬೋರ್ ಪಿಸ್ಟನ್ ಚಿಂತಿ ಬಿಟ್ಟು ಮೊದ್ಲ ಇದನ್ನ ನೋಡ್ರಿ, ಬಿಸಿ ಎಕ್ಸಾಸ್ಟ್ ಹತ್ರ ಪೆಟ್ರೋಲ್ ಹನಿ ಅಂದ್ರ ಆಟಲ್ಲ.

ನವೆಂಬರ್

ನಿನ್ನೆ ಮುಂಜಾನೆ ಆರಕ್ಕ ಗದಗ ರೋಡ್ ಹಿಡದು ಅಣ್ಣಿಗೇರಿ ಮಟ ಹೋಗಿ ಬಂದ್ವಿ, ನಾನೂ ಕಾಕಾನೂ. ಎರಡೂ ಕಡೆ ಕಪ್ಪು ಭೂಮಿ, ಕಡ್ಲಿ ಮೊಳಕಿ ಬಂದೈತಿ, ರೋಡ್ ಖಾಲಿ. ಮೂರನೇ ಗೇರ್‌ನ್ಯಾಗ 3000 ಆರ್‌ಪಿಎಂ ದಾಟೋ ಮಟ ಸುಮ್ನ ಸಭ್ಯಸ್ಥನಂಗ ಇತ್ತು. ಅಲ್ಲಿಂದ ಮ್ಯಾಲ ದನಿ ಬದಲಾತು, ಒದರೋದಲ್ಲ, ಗಂಟಲು ಬಿಚ್ಚಿ ಹಾಡೋರಂಗ, 6000 ಮಟ ಒಂದ ಎಳತ. ಟರ್ಬೊ ಗಾಡ್ಯಾಗ ಯಾರೋ ಹಿಂದಿಂದ ದಬ್ಬಿದಂಗ ಬರ್ತೈತಿ, ಮುಗೀತು. ಇದರಾಗ ಕಾಲು ಎಷ್ಟು ಕೇಳ್ತೈತಿ ಅಷ್ಟ, ಕೇಳಿದ ಗಳಿಗ್ಗೆ. ಕಾಕಾ ಕಿಡಕಿ ಇಳಿಸಿ ಕಿವಿ ಕೊಟ್ಟು ಕೂತಿದ್ರು, ಏನೂ ಅನ್ನಲಿಲ್ಲ, ವಾಪಸ್ ಬರುವಾಗ "ಇನ್ನೊಮ್ಮೆ ಎಳಿ" ಅಂದ್ರು.

ಟೆಂಪರೇಚರ್ ಮುಳ್ಳು ಅರ್ಧದಾಗ ಕದಲಲಿಲ್ಲ. ಮೈಲೇಜ್ ಟಾಕಿ ತುಂಬಿಸಿ ತುಂಬಿಸಿ ಲೆಕ್ಕ ಹಾಕಿದ್ರ 10.8, ಊರಾಗ ಇನ್ನೂ ಕಮ್ಮಿ. ಭಾವ ನಗ್ತಾನ, ನಗಲಿ.

ಉಳದ ಕೆಲಸ: ಕ್ಲಚ್ ಕಲ್ಲಿನಂಗ ಗಟ್ಟಿ ಐತಿ, ಎರಡನೇ ಗೇರ್ ತಂಪಿನ್ಯಾಗ ಹಠಾ ಮಾಡ್ತೈತಿ, ಸ್ಟೇರಿಂಗ್ ರ್‍ಯಾಕ್‌ನ್ಯಾಗ ಸಣ್ಣ ಆಟ, ಹಿಂದಿನ ಬಾಗಲದ ಪವರ್ ವಿಂಡೋ ಇಲಿ ತಿಂದೇತಿ. ಆರ್‌ಸಿ ರಿನ್ಯೂ ಕಾಗದ ಎಲ್ಲಾ ಕೊಟ್ಟೇನಿ, ಐದು ವರ್ಷಕ್ಕ ಸಿಗ್ತೈತಿ. ಇವತ್ತ ಮುಂಜಾನೆ ಗಾಡಿ ಬುಡಕ ಹಾಕಿದ್ದ ರಟ್ಟಿನ ಮ್ಯಾಲ ನಾಣ್ಯದಷ್ಟು ಆಯಿಲ್ ಕಲಿ ಬಿದ್ದೈತಿ, ಇಂಜಿನ್ ಮತ್ತ ಗೇರ್‌ಬಾಕ್ಸ್ ಕೂಡೋ ಜಾಗದ ಕೆಳಗ. ಕ್ರ್ಯಾಂಕಿನ ಹಿಂದಿನ ಸೀಲ್ ಇರಬೇಕು. ಮತ್ತ ರಬ್ಬರ್. ಗೇರ್‌ಬಾಕ್ಸ್ ಇಳಿಸೋದ ಐತೆಂದ್ರ ಕ್ಲಚ್ಚೂ ಆಗ ಮಾಡಿಬಿಡೋಣು ಅಂದಾರ ಕಾಕಾ, ಪುಣೆಗೆ ಫೋನ್ ಹಚ್ಚೇನಿ, ಇನ್ನೂ ಎತ್ತಿಲ್ಲ.