ಎರಡು ತಿರ್ಗಾಸಿನ ಲೆಕ್ಕ

17 ನವೆಂಬರ್ 2024, ಆದಿತ್ಯವಾರ ರಾತ್ರಿ, ಉಡುಪಿ

ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಳ್ಳಬೇಕು, ಹಾಗಾಗಿದೆ ಕಾಲು. ಅಮ್ಮ ನೀಲಗಿರಿ ಎಣ್ಣೆ ತಂದಿಟ್ಟು, "ದುಡ್ಡು ಕೊಟ್ಟು ನೋವು ತಗೊಳ್ಳುವವನನ್ನು ಇಲ್ಲೇ ಕಂಡದ್ದು" ಅಂತ ಹೇಳಿ ಹೋದಳು.

ಬೆಳಿಗ್ಗೆ ಐದಕ್ಕೆ ಸೈಕಲಿನಲ್ಲಿ ಹೊರಟದ್ದು. ಪೆರ್ಡೂರು ದಾಟುವಾಗ ಬೆಳಕಾಯಿತು, ಹೆಬ್ರಿಯಲ್ಲಿ ಎರಡು ಬನ್ಸ್, ಒಂದು ಚಾ. ಅಲ್ಲಿವರೆಗೆ ಬರೆಯುವಂಥದ್ದೇನಿಲ್ಲ. ಜನವರಿಯಲ್ಲಿ 200 ಕಿಲೋಮೀಟರಿನ ಬ್ರೆವೆಗೆ, ಅಂದರೆ ದೂರದ ಸೈಕಲ್ ಸವಾರಿಗೆ, ಹೋಗುವುದು ಅಂತ ನನ್ನ ಸೈಕಲ್ ಗೆಳೆಯ ಡಾಕ್ಟ್ರೂ ನಾನೂ ಮಾತಾಡಿಕೊಂಡಿದ್ದೇವೆ. ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. ಅದಕ್ಕೆ ಮೊದಲು ಆಗುಂಬೆ ಒಮ್ಮೆ ಹತ್ತಿ ಬಂದರೆ ಧೈರ್ಯ ಬರ್ತದೆ ಅಂತ ನನ್ನದೇ ಯೋಚನೆ. ಡಾಕ್ಟ್ರಿಗೆ ಇವತ್ತು ಡ್ಯೂಟಿ ಇತ್ತು, ಒಬ್ಬನೇ ಹೋದೆ.

ಸೋಮೇಶ್ವರ ಕಳೆದರೆ ಕಾಡು. ಘಾಟಿಯಲ್ಲಿ ಒಟ್ಟು 14 ತಿರ್ಗಾಸು, ಅಂದರೆ ಹೇರ್‌ಪಿನ್ ತಿರುವು. ನನ್ನ ಸೈಕಲಿನಲ್ಲಿ ಚೈನು ಕೂರುವ ಮುಂದಿನ ಚಿಕ್ಕ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನ ದೊಡ್ಡದಕ್ಕೆ 28. ಹಿಂದೆ 32ರದ್ದು ಹಾಕಿಸು, ಏರಿನಲ್ಲಿ ತುಳಿಯಲು ಹಗುರ ಆಗ್ತದೆ ಅಂತ ಡಾಕ್ಟ್ರು ಒಂದು ವರ್ಷದಿಂದ ಹೇಳುತ್ತಿದ್ದಾರೆ. ಅದೆಲ್ಲ ಮುದುಕರಿಗೆ ಅಂದಿದ್ದೆ. ಇವತ್ತು ಏಳನೇ ತಿರ್ಗಾಸಿನಲ್ಲಿ ನಾನೂ ಮುದುಕನಾದೆ. ತಿರ್ಗಾಸಿನ ಒಳಬದಿಯಲ್ಲಿ ಏರು ಜಾಸ್ತಿ, ಹೊರಗಿನಿಂದ ಸುತ್ತಿದರೆ ಸ್ವಲ್ಪ ಸಲೀಸು. ಆದರೆ ಹೊರಗೆ ಹೋಗುವಷ್ಟರಲ್ಲಿ ಮೇಲಿನಿಂದ ಮಿನಿ ಬಸ್ಸು ಹಾರ್ನ್ ಹಾಕಿಕೊಂಡೇ ಬರ್ತದೆ.

ಎಂಟು ದಾಟಿದ್ದೇ ಬಲಗಾಲಿನ ಮೀನಖಂಡ ಹಿಡಿದುಕೊಂಡಿತು. ಇಳಿದು ಕಟ್ಟೆಗೆ ಒರಗಿ ನಿಂತೆ. ಎದುರಿಗೆ ಒಂದು ಮಂಗ ಕೂತು, ನನ್ನ ಜೇಬಿನ ಬಾಳೆಹಣ್ಣನ್ನೇ ನೋಡುತ್ತಿತ್ತು. ಆಗ ಬಂದರು ಆ ಅಜ್ಜ. ಹಳೇ ಮೊಪೆಡ್, ಹಿಂದೆ ಅರ್ಧ ಚೀಲ ಏನೋ. ಗಾಡಿ ನಿಲ್ಲಿಸಲಿಲ್ಲ, ನಿಧಾನ ಮಾಡಿದರು ಅಷ್ಟೆ.

"ಎಂತ ಮಾರಾಯ್ರೆ, ಹಾಳಾಯ್ತಾ?"

"ಸೈಕಲ್ ಸರಿ ಉಂಟು ಅಜ್ಜ. ಕಾಲು ಹಾಳಾದದ್ದು."

"ಎಲ್ಲಿಂದ?"

"ಉಡುಪಿಯಿಂದ."

"ಬಸ್ಸುಂಟಲ್ಲ?"

ಇದಕ್ಕೆ ನನ್ನಲ್ಲಿ ಇವತ್ತಿಗೂ ಉತ್ತರ ಇಲ್ಲ. "ಹತ್ತಿ, ಹತ್ತಿ. ಈ ಕ್ಯಾರಿಯರ್ ಹಿಡ್ಕೊಳ್ಳಿ. ನಿಂತ್ರೆ ಇನ್ನೂ ಹಿಡಿತದೆ ಅದು," ಅಂದರು. ಹಿಡಿದುಕೊಂಡೆ. ಎಡಗೈಯಲ್ಲಿ ಕ್ಯಾರಿಯರ್, ಬಲಗೈಯಲ್ಲಿ ಹ್ಯಾಂಡಲ್, ಮೂಗಿಗೆ ಹೊಗೆ. ಒಂಬತ್ತು, ಹತ್ತು. ಇದು ಅಪಾಯ ಅಂತ ಗೊತ್ತು, ಯಾರೂ ಮಾಡಬೇಡಿ. ಅಜ್ಜ ದಾರಿಯುದ್ದಕ್ಕೂ ಅಡಿಕೆ ಕೊಳೆರೋಗದ ಮಾತಾಡಿದರು, ನಾನು ಹೂಂ ಅಂದೆ. ಹತ್ತು ಕಳೆದದ್ದೇ ಕೈ ಬಿಟ್ಟೆ. ಉಳಿದ ನಾಲ್ಕನ್ನು ಹೇಗೆ ಹತ್ತಿದೆನೋ.

ಸೂರ್ಯಾಸ್ತ ನೋಡುವ ಕಟ್ಟೆಯ ಹತ್ತಿರ ಬೆಳಗ್ಗೆ ಒಂಬತ್ತಕ್ಕೆ ಕೂತು ಬಾಳೆಹಣ್ಣು ತಿಂದವ ನಾನೊಬ್ಬನೇ ಇರಬೇಕು.

ಸಂಜೆ ಡಾಕ್ಟ್ರ ಫೋನು. ನನ್ನ ಸವಾರಿಯ ವೇಗ ದಾಖಲಾಗುವ ಆ್ಯಪಿನಲ್ಲಿ ನೋಡಿದ್ದಾರೆ. "ಎಂಟನೇ ತಿರ್ಗಾಸಿನ ಮೇಲೆ ಎಂಥಾ ಸ್ಪೀಡ್ ಮಾರಾಯ! ಇಷ್ಟು ದಿನ ಅಡಗಿಸಿ ಇಟ್ಟಿದ್ದೆಯಾ?" ನಾನು ನಕ್ಕೆ. ನಕ್ಕದ್ದೇ ತಪ್ಪಾಯಿತು. ಆಗಲೇ ಹೇಳಬೇಕಿತ್ತು.

ಊಟವಾದ ಮೇಲೆ ಅಕ್ಕನ ಮಗ ಬಂದು ಪಕ್ಕದಲ್ಲಿ ಕೂತ. ಆದಿತ್ಯವಾರ ನಮ್ಮಿಬ್ಬರದ್ದು ಟಿವಿಯಲ್ಲಿ ಹಳೇ ಟೂರ್ ಡಿ ಫ್ರಾನ್ಸ್ ಸೈಕಲ್ ಓಟ ನೋಡುವ ಪದ್ಧತಿ. ಅವನಿಗೆ 1989ರ ಕೊನೇ ದಿನವೇ ಬೇಕು. 50 ಸೆಕೆಂಡ್ ಹಿಂದೆ ಇದ್ದ ಲೆಮಾಂಡ್ 24.5 ಕಿಲೋಮೀಟರಿನಲ್ಲಿ ಫಿನ್ಯೋನನ್ನು ಹಿಂದೆ ಹಾಕಿ, ಮೂರು ವಾರದ ಓಟವನ್ನು ಬರೀ 8 ಸೆಕೆಂಡಿನಲ್ಲಿ ಗೆದ್ದದ್ದು. ಎಷ್ಟನೇ ಸಲವೋ ನೋಡುವುದು, ಆದರೂ ಪ್ರತಿಸಲ ಫಿನ್ಯೋನ್ ಗೆರೆ ದಾಟಿ ಬಿದ್ದಾಗ ಇವನು ಸುಮ್ಮನಾಗುತ್ತಾನೆ.

ಇವತ್ತು ನಾನೇ ಹಳೇ ಕಥೆ ತೆಗೆದೆ. 1913. ಅದೇ ಓಟದಲ್ಲಿ ಟೂರ್ಮಲೆ ಎಂಬ ಬೆಟ್ಟದ ದಾರಿ ಇಳಿಯುವಾಗ ಕ್ರಿಸ್ಟೋಫ್ ಎಂಬವನ ಸೈಕಲಿನ ಮುಂದಿನ ಚಕ್ರ ಹಿಡಿಯುವ ಫೋರ್ಕ್ ಮುರಿಯಿತು. ಹೆಗಲ ಮೇಲೆ ಹೊತ್ತುಕೊಂಡು ಹತ್ತು ಕಿಲೋಮೀಟರಿಗೂ ಹೆಚ್ಚು ನಡೆದ. ಕೆಳಗಿನ ಹಳ್ಳಿಯಲ್ಲಿ ಕಮ್ಮಾರನ ಕುಲುಮೆ. ಆಗಿನ ನಿಯಮದಲ್ಲಿ ಬೇರೆಯವರು ಕೈ ಹಾಕುವ ಹಾಗಿಲ್ಲ. ತಾನೇ ಕಾಸಿ, ತಾನೇ ಬಡಿದು, ತಾನೇ ಜೋಡಿಸಿದ. ಮೇಲ್ವಿಚಾರಕರು ನಿಂತು ನೋಡುತ್ತಿದ್ದರು. ತಿದಿ ಒತ್ತಲು ಮಾತ್ರ ಒಬ್ಬ ಹುಡುಗ ಸಹಾಯ ಮಾಡಿದ. ಅದಕ್ಕೇ ದಂಡ, ಹತ್ತು ನಿಮಿಷ. ಆಮೇಲೆ ಮೂರಕ್ಕೆ ಇಳಿಸಿದರಂತೆ.

"ಬರೀ ಗಾಳಿ ಹಾಕಿದ್ದಕ್ಕಾ?"

"ಹೌದು."

"ಹಾಗಾದ್ರೆ ಮೊಪೆಡ್ ಹಿಡ್ಕೊಂಡ್ರೆ?"

ನಾನು ಅವನಿಗೆ ಹೇಳಿರಲಿಲ್ಲ. ಅಮ್ಮನಿಗೆ ಮಾತ್ರ ಹೇಳಿದ್ದು, ಎಣ್ಣೆ ಹಚ್ಚುವಾಗ. ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತ್ತು, ಕೇಳಿಸಿಕೊಳ್ಳುತ್ತಿದ್ದಾಳೆ.

"ನಿಂಗೆ ಎಷ್ಟು ನಿಮಿಷ ಹಾಕುವಾ ಮಾಮ?"

ಅಜ್ಜನ ಹೆಸರೂ ಕೇಳಲಿಲ್ಲ ನಾನು. ಚೀಲದಲ್ಲಿ ಇದ್ದದ್ದು ಏನು, ಅದನ್ನೂ ಕೇಳಲಿಲ್ಲ. ಡಾಕ್ಟ್ರಿಗೆ ಮೆಸೇಜ್ ಟೈಪ್ ಮಾಡಿ ಇಟ್ಟಿದ್ದೇನೆ, "ಒಂಬತ್ತು ಮತ್ತು ಹತ್ತು ನನ್ನದಲ್ಲ" ಅಂತ. ಕಳಿಸಿದರೆ ನಾಳೆಯಿಂದ ಕ್ಲಿನಿಕ್ಕಿಗೆ ಬಂದವರಿಗೆಲ್ಲ ಹೇಳಿ ನಗುತ್ತಾರೆ, ಅದು ಗ್ಯಾರಂಟಿ. 32ರ ಚಕ್ರಕ್ಕೆ ಎಷ್ಟಾಗ್ತದೆ ಅಂತ ಮೊದಲು ಕೇಳಿ, ಆಮೇಲೆ